ಬಾಣಂತಿ ಕೂದಲು ಉದುರೋದಕ್ಕೆ ಎದೆಹಾಲು ಕಾರಣವಲ್ಲ

‘ಹಾಲು ಕುಡಿಸಿದಷ್ಟೂ ಕೂದಲು ಉದುರುತ್ತೆ, ಬೇಗ ಹಾಲು ಬಿಡಿಸಿ’ ಅನ್ನೋ ಮೆಸೇಜ್ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ತಪ್ಪು.

ಬಸುರಿಯಲ್ಲಿ ಈಸ್ಟ್ರೊಜೆನ್ ಅನ್ನೋ ಹಾರ್ಮೋನು ಜಾಸ್ತಿ ಇರುತ್ತದೆ. ಹಾಗಾಗಿ ಸಹಜವಾಗಿ ಉದುರಬೇಕಾದ ಕೂದಲೂ ತಲೆಯಲ್ಲೇ ಉಳಿಯುತ್ತದೆ. ಆಗ ಜಡೆ ದಪ್ಪ ಕಂಡಿತ್ತು, ಅಲ್ವಾ? ಹೆರಿಗೆಯಾದ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ. ಸುಮಾರು 3 ತಿಂಗಳಿಗೆ ಆ ಬಾಕಿಯೆಲ್ಲ ಒಟ್ಟಿಗೆ ಉದುರುತ್ತದೆ. ಮಗುವಿಗೆ 14 ವಾರದ ಲಸಿಕೆ ಹಾಕಿಸುವ ಹೊತ್ತಿಗೆ ಬಾಚಣಿಗೆ ತುಂಬಾ ಕೂದಲು, ಸ್ನಾನದ ಮನೆ ಜಾಲರಿಯಲ್ಲೂ ಒಂದು ಉಂಡೆ. ನೋಡಿದರೆ ಭಯ ಆಗೋದು ಸಹಜವೇ.

ಇಂಥ ಮೆಸೇಜ್ ನಂಬುವ ಮುಂಚೆ ಮೂರು ಕೆಲಸ ಮಾಡಿ. ಬಾಟಲಿ ಹಾಲು ಕೊಟ್ಟ ತಾಯಂದಿರನ್ನು ಕೇಳಿ, ಅವರಲ್ಲೂ ಅನೇಕರಿಗೆ ಉದುರಿರುತ್ತದೆ. ಮೆಸೇಜ್ ಕೊನೆಯಲ್ಲಿ ಎಣ್ಣೆ ಮಾರೋ ನಂಬರ್ ಇದೆಯಾ ನೋಡಿ. ಲಸಿಕೆಗೆ ಹೋದಾಗ ಫೋನನ್ನೇ ನರ್ಸಮ್ಮನಿಗೆ ತೋರಿಸಿ.

ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಕೂದಲು ಮೊದಲಿನಂತಾಗುತ್ತದೆ. ಅಲ್ಲಿವರೆಗೆ ಬಿಗಿ ಜಡೆ ಬೇಡ, ಊಟ ಬಿಡಬೇಡಿ. ವರ್ಷ ಕಳೆದರೂ ನಿಲ್ಲದಿದ್ದರೆ, ತಲೆಯಲ್ಲಿ ಅಲ್ಲಲ್ಲಿ ಬೋಳಾದರೆ ಅಥವಾ ತುಂಬಾ ಸುಸ್ತಿದ್ದರೆ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಇದೆಯಾ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.