ತೊಗರಿ ರಾಶಿ ನೋಡಿಕೊಂಡು ತಾರೀಖು ಹಿಡಿರಿ
ಮೂರು ತಲೆಮಾರಿನವರು ಕೂಡಿ ಡಿಸೆಂಬರ್ ರಜೆಗೆ ಮುಂಬೈಯಿಂದ ಹಡಗಿನ ಪ್ರವಾಸ ಹೋಗ್ರಿ ಅಂತ ಬರೆದೀರಿ, ಬಾಳ ಚಲೋ ಆತು. ಆದ್ರ ನಮ್ಮ ಕಲಬುರಗಿ ಕಡೆ ಡಿಸೆಂಬರ್-ಜನವರಿ ಅಂದ್ರ ತೊಗರಿ ರಾಶಿ ಹೊತ್ತು. ಅಪ್ಪ ಹೊಲ ಬಿಟ್ಟು ಬರೋದಿಲ್ಲ, ಬಂದ್ರೂ ಮನಸ್ಸು ಕಣದಾಗೇ ಇರ್ತದ. ಅದಕ್ಕ ನಾವು ಹನ್ನೊಂದು ಮಂದಿ ದೀಪಾವಳಿ ರಜೆಗೇ ಹೋಗಿ ಬಂದಿವಿ.

ನಾವು ತಪ್ಪಿದ್ದು ಕೋಣಿ ಹಿಡಿಯೋದ್ರಾಗ. ಏಜೆಂಟರು ಅಪ್ಪ-ಅವ್ವಗ ಮ್ಯಾಲಿನ ಡೆಕ್ಕಿನ ಮುಂದಿನ ತುದಿಗೆ ಕೋಣಿ ಕೊಡಿಸಿದ್ರು. ಹಡಗು ಹೊಯ್ದಾಡೋದು ಅಲ್ಲೇ ಹೆಚ್ಚು. ಅವ್ವ ಮೊದಲ ರಾತ್ರಿ ಪೂರಾ ವಾಂತಿ ಮಾಡ್ಕೊಂತ ಕಳದಳು, ಇವತ್ತಿಗೂ ನನಗ ಅದರ ಸಂಕಟ ಅದ. ಹಿರಿಯರಿಗೆ ಕೆಳಗಿನ ಡೆಕ್ಕು, ಹಡಗಿನ ನಡುಭಾಗ, ಲಿಫ್ಟಿಗೆ ಹತ್ತಿರದ ಕೋಣಿನೇ ಕೇಳ್ರಿ. ವಾಂತಿ ಗುಳಿಗಿ ಡಾಕ್ಟರಿಗೆ ಕೇಳಿ ಹಡಗು ಬಿಡೋಕ ಮುಂಚೆನೇ ಕೊಡ್ರಿ, ಶುರು ಆದ ಮ್ಯಾಲ ಅದು ಅಷ್ಟು ಕೆಲಸ ಮಾಡಂಗಿಲ್ಲ.

ಲಕ್ಷದ್ವೀಪ ಆರಿಸಿದ್ರ ದೊಡ್ಡ ಹಡಗು ದಂಡಿತನ ಬರಂಗಿಲ್ಲ, ನಡುನೀರಿನಾಗೇ ಸಣ್ಣ ದೋಣಿಗೆ ಇಳಿಬೇಕು. ಮೊಣಕಾಲು ನೋವಿದ್ದವರಿಗೆ ಗೋವಾನೇ ಚಲೋ, ಅಲ್ಲಿ ಹಡಗು ಧಕ್ಕೆಗೇ ಬಂದು ನಿಲ್ತದ.

ಇಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಸೀದಾ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗ್ತದ, ಹಡಗು ಹತ್ತೋ ಧಕ್ಕೆ ಬಲ್ಲಾರ್ಡ್ ಪಿಯರ್ ಅಲ್ಲಿಂದ ಸಮೀಪ. ಆದ್ರ ಒಂದು ದಿನ ಮುಂಚೆನೇ ಮುಟ್ರಿ, ರೈಲು ತಡಾದ್ರ ಹಡಗು ಕಾಯಂಗಿಲ್ಲ. ಮತ್ತ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಒಳಗ ಬಿಡ್ತಾರೇನು ಅಂತ ಬುಕ್ ಮಾಡುವಾಗಲೇ ಕೇಳ್ರಿ. ನಮ್ಮಪ್ಪಗ ಅವಿಲ್ಲದ ಊಟ ಸೇರಲೇ ಇಲ್ಲ.