ಕಳೆದುಹೋಗಿಲ್ಲ ಸ್ವಾಮಿ, ಕದ್ದಿದ್ದಾರೆ!

ಹೊಟ್ಟೆಯೊಳಗೆ ಇಟ್ಟುಕೊಂಡು ಕೂತರೆ ನಿದ್ದೆ ಬರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವಾರದ ಹಿಂದೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಮ್ಮಮ್ಮ ಬಸ್ ಹತ್ತುತ್ತಿದ್ದರು. ವಯಸ್ಸು 63. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಬಾಗಿಲಿನ ಕಂಬಿ. ಇಬ್ಬರು ಹುಡುಗರು ಹಿಂದಿನಿಂದ ತಳ್ಳಿಕೊಂಡು ಬಂದರು. ಒಬ್ಬ ಅಡ್ಡ ನಿಂತ. ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿ ಅಮ್ಮ ತಿರುಗುವಷ್ಟರಲ್ಲಿ ಇಬ್ಬರೂ ಅಮ್ಮನ ಫೋನ್ ಕದ್ದು ಇಳಿದು ಓಡಿದ್ದರು. ಅಮ್ಮ ಕೂಗಿದರು. ಕಂಡಕ್ಟರ್ ಕೂಡ ನೋಡಿದರು. ಒಬ್ಬ ಹಳದಿ ಟೀಶರ್ಟ್ ಹಾಕಿದ್ದ ಅನ್ನುವುದು ಅಮ್ಮನಿಗೆ ಇವತ್ತಿಗೂ ನೆನಪಿದೆ.

ಫೋನಿಗೆ ಕೊಟ್ಟಿದ್ದು 14,000 ರೂಪಾಯಿ. ಅದು ಹೋಗಲಿ ಅಂದುಕೊಳ್ಳಬಹುದಿತ್ತು. ಆದರೆ ಫೋನಿನ ಕವರ್ ಒಳಗೆ ಎಟಿಎಂ ಕಾರ್ಡ್ ಇತ್ತು. ನಮ್ಮ ಮನೆಗಳಲ್ಲಿ ಅಮ್ಮಂದಿರು ಅದನ್ನು ಇಡುವುದೇ ಅಲ್ಲಿ, ಅಲ್ವಾ? ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೇ ಬರುತ್ತದೆ. ಕಾರ್ಡಿನ ಮೇಲೆ ನಂಬರ್ ಇದೆ, ತಾರೀಕಿದೆ. ಯುಪಿಐ ಪಿನ್ ಬದಲಾಯಿಸಲು ಎಷ್ಟೋ ಸಲ ಇಷ್ಟೇ ಸಾಕು. ನಾವು ಸಿಮ್ ಬ್ಲಾಕ್ ಮಾಡಿಸುವಷ್ಟರಲ್ಲಿ ಖಾತೆಯಿಂದ 23,000 ಹೋಗಿತ್ತು. ಚೀಟಿ ಕಟ್ಟಲು ಇಟ್ಟಿದ್ದ ದುಡ್ಡು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಆಮೇಲೆ ಅಮ್ಮನನ್ನು ಕರೆದುಕೊಂಡು ಠಾಣೆಗೆ ಹೋದೆ.

ಮೊದಲ ಠಾಣೆಯಲ್ಲಿ "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂದರು. ಬಸ್ ಯಾವ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು, ಗೇಟಿನ ಈಚೆಗಾ ಆಚೆಗಾ ಅಂತ ಹತ್ತು ಪ್ರಶ್ನೆ. ಕೊನೆಗೆ ಇನ್ನೊಂದು ಠಾಣೆಗೆ ಹೋಗಿ ಅಂದರು. ಎಲ್ಲೇ ನಡೆದ ಅಪರಾಧವಾದರೂ ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು, ಅದನ್ನು ಝೀರೋ ಎಫ್‌ಐಆರ್ ಅನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಹೇಳಿದೆ ಕೂಡ. ಸೆಂಟ್ರಿ ನನ್ನ ಮುಖ ನೋಡಿ ಸುಮ್ಮನಾದರು, ಅಷ್ಟೇ. ಅಮ್ಮನಿಗೆ ನಿಂತು ಕಾಲು ನೋಯುತ್ತಿತ್ತು. ಆಟೋ ಹತ್ತಿದೆವು.

ಎರಡನೇ ಠಾಣೆಯಲ್ಲಿ "ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ, ಕೂತಿರಿ" ಅಂದರು. ಎರಡೂವರೆ ಗಂಟೆ ಕೂತೆವು. ಆಮೇಲೆ ರೈಟರ್, ಅಂದರೆ ಠಾಣೆಯ ಬರವಣಿಗೆ ಕೆಲಸ ನೋಡುವ ಪೊಲೀಸ್, ಕರೆದು ನಮ್ಮ ಅರ್ಜಿ ಓದಿದರು. ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಅಮ್ಮನಿಗೆ ನೀರು ತರಿಸಿಕೊಟ್ಟರು. ಆಮೇಲೆ ಪೆನ್ನು ಹಿಡಿದು ಒಂದು ಪದದ ಕೆಳಗೆ ಗೆರೆ ಎಳೆದರು.

"ಕದ್ದರು ಅಂತ ಬರೀಬೇಡಿ. ಕಳೆದುಹೋಗಿದೆ ಅಂತ ಬರೆದುಕೊಡಿ. ಈಗ್ಲೇ ಸ್ವೀಕೃತಿ ಸಿಗುತ್ತೆ."

ಅಮ್ಮ ಹೇಳಿದರು, "ನಾನು ಕಳ್ಕೊಂಡಿಲ್ಲಪ್ಪ. ಅವ್ರು ಕದ್ಕೊಂಡು ಓಡಿದ್ರು. ನಾನೇ ನೋಡಿದೀನಿ."

"ಅದು ಸರಿ ಅಮ್ಮ. ಆದ್ರೆ ಎಫ್‌ಐಆರ್ ಅಂದ್ರೆ ಕೋರ್ಟು ಕಚೇರಿ ಅಂತ ಅಲೀಬೇಕಾಗುತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ? ಫೋನಿನ ಗುರುತಿನ ನಂಬರ್ ಇರುತ್ತಲ್ಲ, ಐಎಂಇಐ, ಅದನ್ನ ಹಾಕಿ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಮಾಡೋಣ. ಸಿಕ್ಕಿದ್ರೆ ನಾವೇ ಫೋನ್ ಮಾಡ್ತೀವಿ."

ನನಗೆ ರಕ್ತ ಕುದಿಯಲು ಶುರುವಾಗಿದ್ದು ಇಲ್ಲಿ. ಕಳವು ಮತ್ತು ಕಳೆದುಹೋಗಿದೆ. ಕಿವಿಗೆ ಹತ್ತಿರ ಹತ್ತಿರದ ಮಾತು. ಕಳವು ಅಂದರೆ ಅಲ್ಲೊಬ್ಬ ಕಳ್ಳ ಇದ್ದಾನೆ. ಅವನನ್ನು ಹುಡುಕಬೇಕು. ಕಳೆದುಹೋಗಿದೆ ಅಂದರೆ ಕಳ್ಳನೇ ಇಲ್ಲ. ಉಳಿಯುವುದು ಜಾಗ್ರತೆ ಇಲ್ಲದ ಒಬ್ಬ ವಯಸ್ಸಾದ ಹೆಂಗಸು. ಹಳದಿ ಟೀಶರ್ಟಿನವನ ತಪ್ಪು ಒಂದೇ ಗೆರೆಯಲ್ಲಿ ನಮ್ಮಮ್ಮನ ತಲೆಗೆ ಬಂತು. ಕಣ್ಣಾರೆ ಕಂಡದ್ದನ್ನು ಸುಳ್ಳು ಮಾಡಿ ಅವರ ಕೈಯಲ್ಲೇ ಬರೆಸಿಕೊಂಡರು!

ಹೌದು, ಅಮ್ಮ ಬರೆದುಕೊಟ್ಟರು. ರಾತ್ರಿ ಎಂಟಾಗಿತ್ತು, ಬಿಪಿ ಮಾತ್ರೆ ಮನೆಯಲ್ಲಿತ್ತು. "ಹಾಕಮ್ಮ, ಸಹಿ ಹಾಕು, ಹೋಗೋಣ" ಅಂದವನು ನಾನೇ. ಆ ಮಾತು ಈಗಲೂ ಚುಚ್ಚುತ್ತಿದೆ.

ಮರುದಿನ ಬ್ಯಾಂಕಿಗೆ ಹೋದೆವು. ಅವರು ಕಾಗದ ತಿರುಗಿಸಿ ನೋಡಿ, "ಇದರಲ್ಲಿ ಕಳೆದುಹೋಗಿದೆ ಅಂತಿದೆಯಲ್ಲ, ಕಳ್ಳತನ ಅಂತ ಎಫ್‌ಐಆರ್ ಇದ್ರೆ ತನ್ನಿ" ಅಂದರು.

ಕಾನೂನು ಏನು ಹೇಳುತ್ತದೆ ಅಂತ ಆ ರಾತ್ರಿ ಕೂತು ಓದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್. ದೂರುದಾರ ಬಾಯಲ್ಲಿ ಹೇಳಿದರೆ ಪೊಲೀಸರು ಅದನ್ನು ಬರೆದುಕೊಳ್ಳಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು, ಆಮೇಲೆ ಸಹಿ ತೆಗೆದುಕೊಳ್ಳಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅಲ್ಲೇ ಝೀರೋ ಎಫ್‌ಐಆರ್ ಕೂಡ ಬರುತ್ತದೆ. ಕೆಲವು ಪ್ರಕರಣಗಳಲ್ಲಿ ಮೊದಲು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು, ಅದಕ್ಕೂ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು. ದೂರುದಾರರ ಮಾತನ್ನೇ ಬದಲಾಯಿಸಿ ಬರೆಸಿಕೊಳ್ಳಿ ಅಂತ ಎಲ್ಲಿದೆ?

ಇದು ಹೊಸದೂ ಅಲ್ಲ. 2013ರ ನವೆಂಬರ್ 12ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿತು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಅದು ಅಧಿಕಾರಿಯ ಇಷ್ಟಕ್ಕೆ ಬಿಟ್ಟದ್ದಲ್ಲ. ಆ ತೀರ್ಪಿನ ಹಿಂದೆ ಇದ್ದದ್ದು ಉತ್ತರ ಪ್ರದೇಶದ ಒಬ್ಬ ಅಪ್ಪ. ಚಿಕ್ಕ ಮಗಳನ್ನು ಅಪಹರಿಸಿದ್ದಾರೆ ಅಂತ ಠಾಣೆಗೆ ಹೋದರೆ ದೂರು ತೆಗೆದುಕೊಳ್ಳಲಿಲ್ಲ. ಎಸ್‌ಪಿ ತನಕ ಹೋದ ಮೇಲೆ ಎಫ್‌ಐಆರ್ ಆಯಿತು. ಆಗಲೂ ಹುಡುಕುವ ಕೆಲಸ ನಡೆಯಲಿಲ್ಲ. ಮಗಳು ಕಾಣೆಯಾದ ಅಪ್ಪನಿಗೇ ಹಾಗೆ ಮಾಡಿದ್ದಾರೆ ಅಂದರೆ ಫೋನ್ ಕಳೆದುಕೊಂಡವರನ್ನು ಯಾರು ಕೇಳುತ್ತಾರೆ? (ನೋಡಿ, ನಾನೂ "ಕಳೆದುಕೊಂಡವರು" ಅಂತಲೇ ಬರೆದೆ. ಅಷ್ಟು ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ.)

ಹೀಗೆ ಯಾಕೆ ಮಾಡುತ್ತಾರೆ? ಇಲಾಖೆಯಲ್ಲೇ ಇರುವ ನೆಂಟರೊಬ್ಬರನ್ನು ಕೇಳಿದೆ. ಎಫ್‌ಐಆರ್ ಆದರೆ ಅದು ಲೆಕ್ಕಕ್ಕೆ ಸೇರುತ್ತದೆ. ತಿಂಗಳ ಕ್ರೈಂ ಮೀಟಿಂಗಿನಲ್ಲಿ "ನಿನ್ನ ಠಾಣೆಯಲ್ಲಿ ಕಳ್ಳತನ ಯಾಕೆ ಜಾಸ್ತಿ, ಪತ್ತೆ ಯಾಕೆ ಕಡಿಮೆ" ಅಂತ ಮೇಲಿನವರು ಬೈಯುತ್ತಾರೆ. ಅರ್ಜಿಯನ್ನು ಕಳೆದುಹೋದ ವಸ್ತುವಿನ ಪಟ್ಟಿಗೆ ಹಾಕಿದರೆ ಬೈಗುಳವೂ ಇಲ್ಲ, ಬಾಕಿ ಕಡತವೂ ಇಲ್ಲ. ಇದಕ್ಕೆ ಪೊಲೀಸ್ ಭಾಷೆಯಲ್ಲಿ ಒಂದು ಹೆಸರೇ ಇದೆಯಂತೆ, ಬರ್ಕಿಂಗ್. ಅಪರಾಧವನ್ನು ಕಾಗದದ ಮೇಲೆ ಬಾರದಂತೆ ಅದುಮಿಬಿಡುವುದು.

ಅಂದರೆ ನಾಳೆ ಸರ್ಕಾರ ಅಂಕಿಅಂಶ ಕೊಡುವಾಗ ಅದರಲ್ಲಿ ನಮ್ಮಮ್ಮ ಇರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಎಣಿಸುವುದೂ ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನೇ. ಆ ಬಸ್ ನಿಲ್ದಾಣದಲ್ಲಿ ಕಳ್ಳತನ ಕಡಿಮೆ ಅಂತ ಕಾಗದ ಹೇಳಿದರೆ ಅಲ್ಲಿಗೆ ಬೀಟ್ ಯಾಕೆ ಹೆಚ್ಚಿಸುತ್ತಾರೆ? ಮಫ್ತಿಯಲ್ಲಿ ಇಬ್ಬರನ್ನು ಯಾಕೆ ನಿಲ್ಲಿಸುತ್ತಾರೆ? ಆ ಇಬ್ಬರು ಹುಡುಗರು ಇವತ್ತೂ ಅದೇ ಬಾಗಿಲ ಹತ್ತಿರ ನಿಂತಿರಬಹುದು. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನಿಲ್ದಾಣದ ಸಿಸಿಟಿವಿ ನೋಡಿ ಅಂತ ಮೊದಲ ದಿನವೇ ಕೇಳಿದ್ದೆ. "ಎಫ್‌ಐಆರ್ ಇಲ್ದೆ ಹೇಗೆ ಕೇಳೋದು" ಅಂದರು. ಎಫ್‌ಐಆರ್ ಕೇಳಿದರೆ ಬೇಡ ಅಂದರು. ಹಳೆಯ ದೃಶ್ಯ ಈಗ ಅಳಿಸಿಹೋಗಿರುತ್ತದೆ.

ಪೊಲೀಸರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆ ರೈಟರ್ ಮೇಜಿನ ಮೇಲಿದ್ದ ಕಡತದ ರಾಶಿ ನೋಡಿದ್ದೇನೆ. ಒಂದೇ ಠಾಣೆಯವರು ತನಿಖೆಯನ್ನೂ ಮಾಡಬೇಕು, ರ್‍ಯಾಲಿಗೂ ನಿಲ್ಲಬೇಕು, ಕ್ರಿಕೆಟ್ ಮ್ಯಾಚಿಗೂ ಕಾಯಬೇಕು. ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರೆ ಮಾಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ ಇರಬೇಕು ಅಂತಲೂ ಹೇಳಿತ್ತು. ಅಂಥದ್ದೊಂದು ಇದೆ ಅಂತ ನಮ್ಮ ಬೀದಿಯಲ್ಲಿ ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತಿರುತ್ತದೆ?

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಪೊಲೀಸ್ ಅಂತ ಶುರು ಮಾಡಿದರು. ಅಕ್ಟೋಬರ್‌ನಲ್ಲಿ ಕಾನ್‌ಸ್ಟೇಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಎರಡೂ ಒಳ್ಳೆಯದೇ. ಬಿಸಿಲಲ್ಲಿ ಆ ಟೋಪಿ ಹೊತ್ತು ನಿಂತವರ ಕಷ್ಟ ಅವರಿಗೇ ಗೊತ್ತು. ಆದರೆ ನಮ್ಮ ಮನೆ ಬಾಗಿಲಿಗೆ ಬಂದು ನಿಮ್ಮ ಸಮಸ್ಯೆ ಏನು ಅಂತ ಕೇಳುವುದಕ್ಕಿಂತ ಮೊದಲು, ನಾವೇ ಠಾಣೆಗೆ ಬಂದು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಇನ್ನೇನೂ ಬೇಡ. ಕಳ್ಳ ಸಿಗದಿದ್ದರೂ ಸಹಿಸುತ್ತೇವೆ. ಪ್ರಯತ್ನಪಟ್ಟೆವು, ಸಿಗಲಿಲ್ಲ ಅಂದರೆ ನಂಬುತ್ತೇವೆ. ಕಳ್ಳನೇ ಇರಲಿಲ್ಲ ಅಂದರೆ ಹೇಗೆ ನಂಬುವುದು?

ಪಕ್ಕದ ಮನೆಯ ಹುಡುಗಿಯ ಸರ ಎಳೆದಾಗ ಅವಳು ಠಾಣೆಗೇ ಹೋಗಲಿಲ್ಲ. "ಹೋಗಿ ಏನ್ ಪ್ರಯೋಜನ ಅಂಕಲ್, ಸುಮ್ನೆ ಒಂದಿನ ಹಾಳು" ಅಂದಳು. ಅವತ್ತು ನಾನು ಅವಳಿಗೆ ಬುದ್ಧಿ ಹೇಳಿದ್ದೆ. ಈಗ ಎದುರಿಗೆ ಸಿಕ್ಕರೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು ಅಂತ ಅದೇ 173ನೇ ಸೆಕ್ಷನ್‌ನಲ್ಲಿದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಬೆಂಗಳೂರಿನಲ್ಲಿ ಎಸ್‌ಪಿ ಜಾಗದಲ್ಲಿರುವುದು ಡಿಸಿಪಿ. ಅದಕ್ಕೇ ಕಳೆದ ಸೋಮವಾರ ಡಿಸಿಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಈ ಸಲ ನಾನು ಬರೆಯಲಿಲ್ಲ. ಅಮ್ಮನೇ ಅಡುಗೆಮನೆಯಲ್ಲಿ ಕೂತು ದಪ್ಪ ಅಕ್ಷರದಲ್ಲಿ ಎರಡು ಪುಟ ಬರೆದರು. ಮೊದಲು ಕೊಟ್ಟ ಕಾಗದದಲ್ಲಿ ಇದ್ದದ್ದು ನನ್ನ ಮಾತಲ್ಲ, ಹೇಳಿ ಬರೆಸಿದ್ದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹಳದಿ ಟೀಶರ್ಟನ್ನೂ ಬಿಟ್ಟಿಲ್ಲ. ಇನ್ನೂ ಉತ್ತರ ಬಂದಿಲ್ಲ. ದಿನಾ ಸಂಜೆ ನಾನು ಮನೆಗೆ ಬರುತ್ತಿದ್ದಂತೆ ಅಮ್ಮ ಕೇಳುತ್ತಾರೆ, "ಪೊಲೀಸ್ನೋರು ಏನಾದ್ರೂ ಫೋನ್ ಮಾಡಿದ್ರಾ?"