ಪುಟ್ಟಿಗೊಂದು ಕಂಪ್ಯೂಟರ್ ಸೀಟು

ನಮ್ಮ ನೆಂಟರ ಪೈಕಿ ಕಂಪ್ಯೂಟರ್ ವಿಷಯಕ್ಕೆ ನನ್ನದೇ ಕೊನೆಯ ಮಾತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೊರಳಲ್ಲಿ ಟ್ಯಾಗು, ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಅಷ್ಟು ಸಾಕು. ನಾನು ಓದಿದ್ದು ಮೆಕ್ಯಾನಿಕಲ್ ಅನ್ನೋದನ್ನು ಎಲ್ಲರೂ ಮರೆತಿದ್ದಾರೆ. ಹಾಗಾಗಿ ಅಕ್ಕನ ಮಗಳು ಪುಟ್ಟಿ ಸೆಕೆಂಡ್ ಪಿಯುಸಿಗೆ ಬಂದು, ಇಂಜಿನಿಯರಿಂಗ್ ಅಂದರೆ ಕಂಪ್ಯೂಟರ್ ಸೈನ್ಸೇ ಬೇಕು ಅಂತ ಹಟ ಹಿಡಿದಾಗ ಭಾವ ಊರಿಂದ ನನಗೇ ಫೋನ್ ಹಚ್ಚಿದರು. "ಅದೇನೋ ಅರ್ಜಿಯಂತಲ್ಲಪ್ಪಾ. ನೀನೇ ಮುಂದೆ ನಿಂತು ಮುಗಿಸಿಬಿಡು."

ನಾನು ಮೆಕ್ಯಾನಿಕಲ್ ಓದಿದ ಕಥೆಯೂ ಚಿಕ್ಕದೇ. ಇಂಜಿನಿಯರಿಂಗ್ ಸೀಟಿಗೆ ಬರೆಯೋ ಪ್ರವೇಶ ಪರೀಕ್ಷೆ, ಸಿಇಟಿ ಅನ್ನೋದು 1994ರಲ್ಲಿ ಶುರುವಾಯಿತು. ನನ್ನ ಸರದಿ ಬಂದಾಗಲೂ ಸೀಟು ಬೇಕಾದವರು ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ಮಲ್ಲೇಶ್ವರಕ್ಕೆ ಬರಬೇಕಿತ್ತು. ದೊಡ್ಡ ಕೋಣೆಯಲ್ಲಿ ಕೂತು, ಪರದೆಯ ಮೇಲೆ ಒಂದೊಂದೇ ಸೀಟು ಕರಗೋದನ್ನು ನೋಡಬೇಕು. ನನ್ನ ರ‍್ಯಾಂಕಿನ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಖಾಲಿ. "ಮೆಕ್ಯಾನಿಕಲ್ ಇದೆ, ತಗೋತೀರಾ?" ಅಂತ ಮೇಜಿನ ಹಿಂದಿದ್ದವರು ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಅಪ್ಪ ತಲೆಯಾಡಿಸಿದ್ದರು. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ಈಗ ಹಾಗಲ್ಲ. ಎಲ್ಲವೂ ಆನ್‌ಲೈನ್, ಕೂತಲ್ಲೇ ಆಗುತ್ತದೆ. ಆದರೆ ಆ ಆರು ತಿಂಗಳು ನಮ್ಮ ಮನೆಯಲ್ಲಿ ಯಾರೂ ಕೂತಿದ್ದನ್ನು ನಾನು ನೋಡಲಿಲ್ಲ.

ಮೊದಲ ಗಂಡಾಂತರ ಓಟಿಪಿ. ಪಿಯುಸಿ ಮುಗಿಯುವ ತನಕ ಮಗಳ ಕೈಗೆ ಫೋನ್ ಕೊಡಲ್ಲ ಅನ್ನೋದು ಭಾವನ ಶಪಥ. ಹಾಗಾಗಿ ಅರ್ಜಿಗೆ ಭಾವನದೇ ನಂಬರ್. ಪುಟ್ಟಿ ಪೇಟೆಯ ಸೈಬರ್ ಸೆಂಟರಿನಲ್ಲಿ, ಭಾವ ಅಡಿಕೆ ತೋಟದಲ್ಲಿ. ತೋಟದಲ್ಲಿ ಸಿಗ್ನಲ್ ಇಲ್ಲ, ಕೆರೆ ಏರಿ ಹತ್ತಬೇಕು. ಹತ್ತಿದರು. ಓಟಿಪಿಯೂ ಬಂತು.

"ಬಂತು ಬಂತು! ಟುಂಯ್ ಅಂತು!"

"ಎಷ್ಟು ಅಂತ ಓದಿ ಅಪ್ಪಾ."

"ತಾಳು, ನೋಡ್ತೀನಿ."

ಫೋನು ಕಿವಿಯಲ್ಲಿದ್ದರೆ ಓಟಿಪಿ ಕಾಣಿಸಲ್ಲ, ಕಣ್ಣ ಮುಂದೆ ಹಿಡಿದರೆ ಮಗಳ ಮಾತು ಕೇಳಿಸಲ್ಲ. ಮಾತಾಡುತ್ತಲೇ ಮೆಸೇಜ್ ತೆರೆಯಬಹುದು ಅಂತ ಭಾವನಿಗೆ ಯಾರೂ ಹೇಳಿರಲಿಲ್ಲ. ಕಟ್ ಮಾಡಿ ನೋಡಿದರು. ಕನ್ನಡಕ ಮನೆಯಲ್ಲಿತ್ತು. ದಾರಿಯಲ್ಲಿ ಹಾಲಿನ ಕ್ಯಾನ್ ಹೊತ್ತು ಹೋಗುತ್ತಿದ್ದ ಹುಡುಗನನ್ನು ನಿಲ್ಲಿಸಿ ಓದಿಸಿದರು. ಅವನು ಚುರುಕು. ಆರೂ ಅಂಕಿ ಸರಿಯಾಗಿ ಓದಿದ, ಬ್ಯಾಂಕಿನವರು ಎರಡು ದಿನದ ಹಿಂದೆ ಕಳಿಸಿದ್ದ ಓಟಿಪಿಯನ್ನು. ಅಷ್ಟರಲ್ಲಿ ಇದರ ಅವಧಿ ಮುಗಿದಿತ್ತು. ಶಪಥವೂ ಅಲ್ಲಿಗೇ ಮುಗಿಯಿತು. ಸಂಜೆ ಪುಟ್ಟಿಯ ಕೈಯಲ್ಲಿ ಹೊಸ ಸಿಮ್ ಇತ್ತು. ಅವಳಿಗೆ ಸಿಇಟಿಯಿಂದ ಆದ ಮೊದಲ ಲಾಭ ಇದು.

ಆಮೇಲೆ ಫೋಟೋ. ಇಷ್ಟೇ ಕೆಬಿ ಇರಬೇಕು ಅಂತ ನಿಯಮ. ಸ್ಟುಡಿಯೋದವರು ಅದನ್ನು ಇಳಿಸೋ ಜತೆಗೆ ಪುಟ್ಟಿಯ ಮೊಡವೆ, ಹುಬ್ಬಿನ ಮೇಲಿನ ಗಾಯದ ಗುರುತು, ಒಂದಿಷ್ಟು ಮೈಬಣ್ಣ ಎಲ್ಲವನ್ನೂ ಇಳಿಸಿಕೊಟ್ಟರು. "ಯಾರಮ್ಮಾ ಈ ಹುಡುಗಿ, ಲಕ್ಷಣವಾಗಿದ್ದಾಳೆ" ಅಂದರು ನಮ್ಮಮ್ಮ. ಹೊಸ ಫೋಟೋ ತೆಗೆಸಿದೆವು. ಸಹಿಯದ್ದು ಇನ್ನೊಂದು ರಗಳೆ. ಭಾವನ ಸಹಿ ಶುರುವಾಗೋದು ಗೊತ್ತು, ಎಲ್ಲಿ ಮುಗಿಯುತ್ತೆ ಅನ್ನೋದು ಅವರಿಗೂ ಗೊತ್ತಿಲ್ಲ. ಕೊನೆಗೆ ಎರಡು ಚುಕ್ಕೆ ಬೇರೆ. ಅಷ್ಟು ಸಣ್ಣ ಚೌಕದೊಳಗೆ ಬರೆಯಿರಿ ಅಂದಿದ್ದಕ್ಕೆ, "ಚುಕ್ಕೆ ಬಿಟ್ಟರೆ ನನ್ನ ಸಹಿ ಅಂತ ಸೊಸೈಟಿಯವರೇ ಒಪ್ಪಲ್ಲ" ಅಂತ ವಾದಕ್ಕೆ ನಿಂತರು.

ದಾಖಲೆಗಳ ವಿಷಯಕ್ಕೆ ಬಂದರೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು. ಆ ಪ್ರಮಾಣಪತ್ರ ಮಗಳ ಹೆಸರಿನಲ್ಲೇ ಇರಬೇಕು, ಅಪ್ಪನ ಹೆಸರಿನದು ನಡೆಯಲ್ಲ. ಅದಕ್ಕೆ ನಾಡಕಚೇರಿ. ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15ರಷ್ಟು ಸೀಟು ಮೀಸಲು. 1ರಿಂದ 10ನೇ ತರಗತಿ ತನಕ ಪೂರ್ತಿ ಹಳ್ಳಿಯಲ್ಲೇ ಓದಿದ್ದಾಳೆ ಅಂತ ಶಾಲೆಯವರು ಬರೆದುಕೊಡಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಓ, ಅದರ ಮೇಲೆ ಸಹಿ ಹಾಕಬೇಕು. ಬಿಇಓ ಮೀಟಿಂಗಿನಲ್ಲಿದ್ದರು. ಮರುದಿನವೂ ಅದೇ ಮೀಟಿಂಗ್. ಇದರ ನಡುವೆ ಭಾವನಿಗೆ ಹೊಸ ಚಿಂತೆ. ಊರನ್ನು ಪಟ್ಟಣ ಪಂಚಾಯಿತಿ ಮಾಡಿ ಅಂತ ವರ್ಷಗಟ್ಟಲೆ ಮನವಿ ಕೊಟ್ಟವರು ಅವರೇ. ಈಗ ದೇವರ ಮುಂದೆ ನಿಂತು, "ಈ ಜುಲೈ ಕಳೆಯೋತನಕ ಮಾತ್ರ ಮಾಡಬೇಡಪ್ಪಾ" ಅಂತ ಬೇಡಿಕೊಳ್ಳುತ್ತಿದ್ದರು.

ಪುಟ್ಟಿ ಪಿಯುಸಿಯಲ್ಲಿ ತೆಗೆದುಕೊಂಡಿದ್ದು ಪಿಸಿಎಂಸಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕೊನೆಯ ಸಿ ಅಂದರೆ ಕಂಪ್ಯೂಟರ್ ಸೈನ್ಸ್. ಅದರಲ್ಲಿ ಅವಳಿಗೆ ನೂರಕ್ಕೆ ನೂರು ಹತ್ತಿರ ಹತ್ತಿರ ಬಂತು. ಮನೆಯಲ್ಲಿ ಹೋಳಿಗೆ ಊಟ. ಆಮೇಲೆ ನಾನು ರ‍್ಯಾಂಕ್ ಹೇಗೆ ಕಟ್ಟುತ್ತಾರೆ ಅಂತ ವಿವರಿಸಿದೆ. ಅರ್ಧ ತೂಕ ಪಿಯುಸಿ ಅಂಕಕ್ಕೆ, ಅರ್ಧ ಸಿಇಟಿಗೆ. ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 60 ಪ್ರಶ್ನೆ, ಒಟ್ಟು 180 ಅಂಕ. ಪಿಯುಸಿಯಿಂದಲೂ ಅವೇ ಮೂರು ವಿಷಯದ ಅಂಕ ಎಣಿಸುತ್ತಾರೆ.

"ಕಂಪ್ಯೂಟರ್ ಅಂಕ?" ಅಂದಳು ಅಕ್ಕ.

"ಅದು ಲೆಕ್ಕಕ್ಕಿಲ್ಲ."

"ಕಂಪ್ಯೂಟರ್ ಓದೋಕೆ ಕಂಪ್ಯೂಟರ್ ಅಂಕ ಬೇಡ, ಕೆಮಿಸ್ಟ್ರಿ ಬೇಕಾ?"

ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರವೂ ಇಲ್ಲ. ಪುಟ್ಟಿಗೆ ಕೆಮಿಸ್ಟ್ರಿ ಅಂದರೆ ಆಗಲ್ಲ. ಬೆಂಜೀನ್ ಚಿತ್ರ ಕಂಡರೆ ಪುಟ ಮಗುಚುತ್ತಾಳೆ. ಆದರೂ ಅದನ್ನೇ ಉರು ಹೊಡೆದು, ಹೋಗಿ ಬಾಲ್‌ಪೆನ್ನಿನಲ್ಲಿ ಒಎಂಆರ್ ಅನ್ನೋ ಉತ್ತರದ ಹಾಳೆಯ ಸಣ್ಣ ವೃತ್ತಗಳನ್ನು ತುಂಬಿಬಂದಳು. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ ಅಂತ ಗೊತ್ತಾದ ದಿನದಿಂದ ಭಾವ, "ಒಂದನ್ನೂ ಖಾಲಿ ಬಿಡಬೇಡ ಮಗಾ, ಪುಕ್ಕಟೆ ಇದೆ" ಅಂತ ಹೇಳುತ್ತಲೇ ಇದ್ದರು. ರ‍್ಯಾಂಕ್ ಬಂತು. ತೀರಾ ಮೇಲೂ ಅಲ್ಲ, ಕೆಳಗೂ ಅಲ್ಲ. ಅಂದರೆ ಎಲ್ಲರೂ ಸಲಹೆ ಕೊಡಬಹುದಾದಂಥ ರ‍್ಯಾಂಕು.

ನಿಜವಾದ ಜಾತ್ರೆ ಶುರುವಾಗಿದ್ದು ಆಪ್ಷನ್ ಎಂಟ್ರಿಯಲ್ಲಿ. ಬೇಕಾದ ಕಾಲೇಜು, ಬೇಕಾದ ಕೋರ್ಸು ಎಲ್ಲವನ್ನೂ ಒಂದರ ಕೆಳಗೊಂದು ಹಾಕಬೇಕು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಸಭೆ ಸೇರಿತು. ನಾನು ಕೋರ್ಸುಗಳ ಹೆಸರು ಓದಿದೆ. ಕಂಪ್ಯೂಟರ್ ಸೈನ್ಸ್. ಇನ್ಫರ್ಮೇಷನ್ ಸೈನ್ಸ್. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅಂಡ್ ಮೆಷಿನ್ ಲರ್ನಿಂಗ್. ಡೇಟಾ ಸೈನ್ಸ್. ಕಂಪ್ಯೂಟರ್ ಸೈನ್ಸ್ ಅಂಡ್ ಡಿಸೈನ್. ಇನ್ನೊಂದರಲ್ಲಿ ಐಓಟಿ, ಸೈಬರ್ ಸೆಕ್ಯುರಿಟಿ, ಬ್ಲಾಕ್‌ಚೈನ್ ಮೂರೂ ಒಟ್ಟಿಗೆ.

"ಆ ಕೊನೇದೇ ಹಾಕು" ಅಂದರು ಭಾವ. "ಹೆಸರು ಉದ್ದ ಇದೆ. ಜಾಸ್ತಿ ಹೇಳಿಕೊಡ್ತಾರೆ."

ಕೆಇಬಿಯಲ್ಲಿ ರಿಟೈರ್ ಆದ ಚಿಕ್ಕಪ್ಪ ಎಲೆಕ್ಟ್ರಿಕಲ್ ಬಿಟ್ಟು ಮಾತೇ ಆಡಲಿಲ್ಲ. "ಕರೆಂಟ್ ಇಲ್ಲದೆ ನಿಮ್ಮ ಕಂಪ್ಯೂಟರ್ ಓಡುತ್ತೇನ್ರೋ?" ನಿಜ, ಓಡಲ್ಲ. ಅಮ್ಮನಿಗೆ ಕಾಲೇಜು ಯಾವುದಾದರೂ ಸರಿ, ಶನಿವಾರ ಸಂಜೆಯ ಬಸ್ಸಿಗೆ ಪುಟ್ಟಿ ಊರಿಗೆ ಬರುವಂತಿರಬೇಕು. ಹುಬ್ಬಳ್ಳಿಯ ಅತ್ತೆ ಫೋನಿನಲ್ಲೇ, ತಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಕಾಲೇಜಿದೆ ಅಂದರು. ಅವರ ಮನಸ್ಸು ನೋಯಿಸಬಾರದು ಅಂತ ಅದನ್ನೂ ಸೇರಿಸಿದೆವು. ನನ್ನ ಮಾತು ಕೇಳಿದರೆ ಸುಮ್ನೆ ಬರೀ ಕಂಪ್ಯೂಟರ್ ಸೈನ್ಸ್ ಹಾಕೋದೇ ವಾಸಿ. ಮೊದಲ ವರ್ಷದ ಪಾಠ ಹೆಚ್ಚುಕಮ್ಮಿ ಎಲ್ಲಕ್ಕೂ ಒಂದೇ. ಬಾಲಂಗೋಚಿಯಲ್ಲಿರೋದನ್ನು ಆಮೇಲೂ ಕಲಿಯಬಹುದು.

ಲಿಸ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಬೆಂಗಳೂರಿನ ಕೆ.ಆರ್. ಸರ್ಕಲ್ಲಿನ ಯುವಿಸಿಇ ಹಾಕಿದೆ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರುಮಾಡಿಸಿದ ಕಾಲೇಜು. ಭಾವ ನನ್ನ ಕೈ ಹಿಡಿದರು.

"ಅಷ್ಟು ದೊಡ್ಡದು ಮೊದಲೇ ಕೇಳಿದರೆ ಕಂಪ್ಯೂಟರಿಗೆ ಸಿಟ್ಟು ಬರಲ್ವಾ? ಇವರಿಗೆ ದುರಾಸೆ ಅಂದುಕೊಂಡು ಕೆಳಗಿನದೂ ಕೊಡದಿದ್ದರೆ?"

ಸಿಟ್ಟು ಬರಲ್ಲ ಅಂತ ಅವರನ್ನು ಒಪ್ಪಿಸೋಕೆ ಎರಡು ಕಾಫಿ ಬೇಕಾಯಿತು. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬರುತ್ತದೆ. ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತೋ ಅದನ್ನು ಕೊಟ್ಟು ನಿಲ್ಲುತ್ತದೆ. ಸಿಗದ್ದನ್ನು ಕೇಳಿದ್ದಕ್ಕೆ ದಂಡವಿಲ್ಲ. ಆದರೆ ಬೇಡದ್ದನ್ನು ದಾಕ್ಷಿಣ್ಯಕ್ಕೆ ಹಾಕಿದರೆ ಅದು ದಾಕ್ಷಿಣ್ಯವಿಲ್ಲದೆ ಕೊಟ್ಟುಬಿಡುತ್ತದೆ. ನಿಜವಾದ ಹಂಚಿಕೆಗೆ ಮೊದಲು ನಡೆಯೋ ಅಣಕು ಸೀಟು ಹಂಚಿಕೆಯ ದಿನ ಇದು ಗೊತ್ತಾಯಿತು. ಪುಟ್ಟಿಗೆ ಬಂದಿದ್ದು ಹುಬ್ಬಳ್ಳಿ. ಅತ್ತೆ ಆಗಲೇ ಮಹಡಿ ಕೋಣೆಗೆ ಸುಣ್ಣ ಹೊಡೆಸೋಕೆ ಆಳು ಹೇಳಿದ್ದರು.

ಪುಣ್ಯಕ್ಕೆ, ಅಣಕು ಹಂಚಿಕೆ ಆದ ಮೇಲೂ ಲಿಸ್ಟ್ ತಿದ್ದಬಹುದು. ಈ ಸಲ ಪುಟ್ಟಿ ಯಾರನ್ನೂ ಕೇಳಲಿಲ್ಲ. ರಾತ್ರಿ ಊಟ ಆದ ಮೇಲೆ ತನ್ನ ಹೊಸ ಫೋನಿನಲ್ಲೇ ಕೂತು ಹಿಂದುಮುಂದು ಮಾಡಿ, ಬೆಳಿಗ್ಗೆ ಕಾಫಿ ಕುಡಿಯುತ್ತಾ "ತಿದ್ದಿದೆ" ಅಂದಳು. ಹುಬ್ಬಳ್ಳಿ ಹೋಗಿತ್ತು, ಎಲೆಕ್ಟ್ರಿಕಲ್ ಹೋಗಿತ್ತು, ಬ್ಲಾಕ್‌ಚೈನೂ ಹೋಗಿತ್ತು.

ಮೊದಲ ಸುತ್ತಿನಲ್ಲಿ ದಾವಣಗೆರೆಯಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಕ್ಕಿತು. ಆಗ ನಾಲ್ಕು ಚಾಯ್ಸ್ ಕೊಡುತ್ತಾರೆ. ಒಂದನೆಯದು, ಇದೇ ಸಾಕು, ಸೇರುತ್ತೇನೆ. ಎರಡನೆಯದು, ಇದು ನನಗಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಬಂದರೆ ಅದು ಬೇಕು. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ಈ ಸಹವಾಸವೇ ಬೇಡ. ಪುಟ್ಟಿ ಎರಡನೆಯದು ಒತ್ತಿದಳು. ಅಮ್ಮನಿಗೆ ಇದನ್ನು ಬಿಡಿಸಿ ಹೇಳಿದೆ.

"ಗೊತ್ತು ಬಿಡು" ಅಂದರು ಅಮ್ಮ. "ನಿಮ್ಮಕ್ಕನ್ನ ನೋಡಿಕೊಂಡು ಹೋದಮೇಲೆ ನಿಮ್ಮ ಭಾವನ ಮನೆಯವರೂ ಒಂದು ತಿಂಗಳು ಹೀಗೇ ಮಾಡಿದ್ದರು."

ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಭಾವ ತೋಟದಲ್ಲಿ ನೀರು ತಿರುಗಿಸೋದಿದೆ ಅಂತ ಎದ್ದರು. ಮಳೆ ಸುರಿಯುತ್ತಿತ್ತು.

ಎರಡನೇ ಸುತ್ತಿನಲ್ಲಿ ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸೇ ಬಂತು. ಸೇರಿಸಿ, ಹಾಸ್ಟೆಲಿಗೆ ಬಿಟ್ಟು ಬಂದೆವು. ಮೊದಲ ವಾರವೇ ಪುಟ್ಟಿಯ ಫೋನು.

"ಮಾಮ, ನಮ್ಮ ಸೆಕ್ಷನ್‌ಗೆ ಮೊದಲನೇ ಸೆಮಿಸ್ಟರ್ ಕೆಮಿಸ್ಟ್ರಿ ಸೈಕಲ್ ಅಂತೆ, ಅಂದರೆ ಮೊದಲು ಕೆಮಿಸ್ಟ್ರಿ ಓದಬೇಕು. ಲ್ಯಾಬಿಗೆ ಬಿಳಿ ಕೋಟು ಬೇಕಂತೆ. ದುಡ್ಡು ಕಳಿಸೋಕೆ ಅಪ್ಪನಿಗೆ ಹೇಳು."

ಭಾವನಿಗೆ ಹೇಳಿದೆ. "ಕಂಪ್ಯೂಟರ್ ಮುಟ್ಟೋಕೂ ಕೋಟ್ ಹಾಕ್ತಾರಾ? ಅಷ್ಟು ನಾಜೂಕಾ ಅದು?" ಅಂದರು. ದುಡ್ಡು ಕಳಿಸಲು ಹೊರಟರು. ಆಮೇಲೆ ಕೆರೆ ಏರಿಯಿಂದ ಫೋನ್ ಬಂತು: "ಓಟಿಪಿ ಬಂದಿದೆ ಕಣೋ, ಯಾವುದು ಅಂತ ಗೊತ್ತಾಗ್ತಿಲ್ಲ."